ತಪ್ಪು ಕೇಳಲು ಬರುತ್ತಿದ್ದ ಸವೇತಾ

ಸವೇತಾ ಮಂಗಳವಾರ ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅರವತ್ತೊಂದು ವರ್ಷ. ಗುರುವಾರ ಬಾಪ್ಟಿಸ್ಟರ ಪ್ರಾರ್ಥನಾ ಮಂದಿರದ ಹಿಂದೆ ಮಣ್ಣು ಮಾಡಿದರು. ಅವಳ ಬಗ್ಗೆ ಯಾರಾದರೂ ನಾಲ್ಕು ಮಾತಾಡಿ ಎಂದಾಗ ಸಭೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಒಬ್ಬಳಾದ ರೆವೇಕಾ ಎದ್ದು ನಿಂತಳು, ಮತ್ತೆ ಕೂತುಬಿಟ್ಟಳು. ಅವಳು ಹೇಳಬೇಕೆಂದಿದ್ದದ್ದು ಇಷ್ಟು.

ಸವೇತಾಳಿಗೆ ಪೇಟೆಯ ಬೂಟಿನ ಕಾರ್ಖಾನೆಯಲ್ಲಿ ಕೆಲಸ. ತಯಾರಾದ ಪ್ರತಿ ಬೂಟಿನೊಳಗೂ ಕೈ ತೂರಿಸಿ, ಮೊಳೆಯ ತುದಿ ಎಲ್ಲಾದರೂ ಎದ್ದಿದೆಯೇ ಎಂದು ಸವರಿ ನೋಡಬೇಕು. ಅವಳ ಬೆರಳ ತುದಿಗಳೆಲ್ಲ ಗೀರು.

ಅವರ ಸಭೆಯಲ್ಲಿ ತಿಂಗಳಿಗೊಮ್ಮೆ ಪ್ರಭುವಿನ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳುವ ಭಾನುವಾರ. ಅದಕ್ಕೆ ಎಂಟು ದಿನ ಮೊದಲು, ಶನಿವಾರ, ಒಬ್ಬರು ಇನ್ನೊಬ್ಬರ ಮನೆಗೆ ಹೋಗಿ, ನನ್ನಿಂದ ಏನಾದರೂ ನೋವಾಗಿದೆಯೇ ಎಂದು ಕೇಳುವುದು, ಏನೂ ಇಲ್ಲ, ದೇವರು ಎಲ್ಲರನ್ನೂ ಕ್ಷಮಿಸಲಿ ಎಂದು ಅವರು ಹೇಳುವುದು, ಇದು ರೂಢಿ. ಬಾಗಿಲಲ್ಲೇ ಮುಗಿಯುವ ಮಾತು. ಸವೇತಾ ಮಾತ್ರ ಒಳಗೆ ಬಂದು ಕೂರುತ್ತಿದ್ದಳು.

"ಏನೂ ಇಲ್ಲ ಅನ್ಬೇಡ ಕಣೇ," ಎಂದಳು ಒಮ್ಮೆ ರೆವೇಕಾಳಿಗೆ. "ಮೊಳೆ ಇರೋದು ಬೂಟಿಗೆ ಗೊತ್ತಾಗುತ್ತಾ? ಬೇರೆಯವರು ಕೈ ಹಾಕಿ ನೋಡ್ಬೇಕು. ನನ್ನದೊಂದು ನೀನು ಹೇಳು, ನಿನ್ನದೊಂದು ನಾನು ಹೇಳ್ತೀನಿ. ಆಮೇಲೆ ಇಬ್ಬರೂ ಪ್ರಾರ್ಥನೆ ಮಾಡೋಣ."

ಬೇರೆ ಕಾಲವಾಗಿದ್ದರೆ ಇದನ್ನು ಭಕ್ತಿ ಎನ್ನುತ್ತಿದ್ದರೇನೋ. ಅದು ಎಂಬತ್ತನಾಲ್ಕನೇ ಇಸವಿ. ಕಮ್ಯುನಿಸ್ಟ್ ಸರ್ಕಾರದ ರೊಮೇನಿಯಾದಲ್ಲಿ ಗೋಡೆಗಿಂತ ಮೊದಲು ನೆಂಟರಿಗೆ ಕಿವಿ ಮೂಡಿದ್ದ ಕಾಲ. ಸಭೆಯ ಹಿರಿಯ ಗವ್ರಿಲನನ್ನು ಪೊಲೀಸರು ಎರಡು ಸಲ ಕರೆಸಿ, ಅವನು ಮಾಡಿದ ಪ್ರಾರ್ಥನೆಯನ್ನೇ ಅಕ್ಷರ ಬಿಡದೆ ಅವನಿಗೆ ಓದಿ ಹೇಳಿದ್ದರು. ಸಭೆಯ ನಲವತ್ತು ಜನರಲ್ಲಿ ಯಾರೋ ಒಬ್ಬರು ಸುದ್ದಿ ಒಯ್ಯುತ್ತಿದ್ದರು. ಮನೆಮನೆಗೆ ಹೋಗಿ, ಕೂತು, ಮನಸ್ಸಿನಲ್ಲಿರುವುದನ್ನು ಹೇಳಿ ಎಂದು ಕೇಳುತ್ತಿದ್ದವಳು ಸವೇತಾ ಒಬ್ಬಳೇ.

"ಅವಳಿಗೆ ಬೇಕಾಗಿರೋದು ಅವಳ ತಪ್ಪಲ್ಲ, ನಮ್ಮದು," ಎಂದ ಗವ್ರಿಲ.

ರೆವೇಕಾ ಪರೀಕ್ಷೆ ಮಾಡಿಯೇಬಿಡೋಣ ಎಂದುಕೊಂಡಳು. ಜೂನ್ ತಿಂಗಳ ಆ ಶನಿವಾರ ಸವೇತಾ ಬಂದಾಗ, ಬಹಳ ನಂಬಿಕೆಯವಳಂತೆ ದನಿ ತಗ್ಗಿಸಿ ಒಂದು ಸುಳ್ಳು ಹೇಳಿದಳು. ಗಡಿಯಾಚೆಯಿಂದ ಕಳ್ಳತನದಲ್ಲಿ ಬಂದ ಬೈಬಲ್‌ಗಳನ್ನು ಹಿತ್ತಲ ಜೇನುಪೆಟ್ಟಿಗೆಗಳ ಕೆಳಗೆ ಹೂತಿಟ್ಟಿದ್ದೇನೆ ಎಂದಳು. ಸವೇತಾ ಏನೂ ಕೇಳದೆ ಎದ್ದು ಹೋದಳು.

ಪೊಲೀಸರು ಬರಲಿಲ್ಲ. ಆದರೆ ಗುರುವಾರ ರೆವೇಕಾ ಹೊಲದಿಂದ ಮರಳಿದಾಗ ಪೆಟ್ಟಿಗೆಗಳ ಕೆಳಗಿನ ಮಣ್ಣನ್ನು ಯಾರೋ ಅಗೆದಿದ್ದರು. ರೊಟ್ಟಿಯ ಭಾನುವಾರ ಸವೇತಾ ಮಂದಿರಕ್ಕೆ ಬಂದಳು. ಜೇನು ಕಚ್ಚಿ ಮುಖ ಬಾತುಕೊಂಡು ಒಂದು ಕಣ್ಣು ಮುಚ್ಚಿಹೋಗಿತ್ತು. ಯಾರೂ ಏನಾಯಿತೆಂದು ಕೇಳಲಿಲ್ಲ. ರೆವೇಕಾ ಗವ್ರಿಲನ ಕಿವಿಗೆ ವಿಷಯ ಹಾಕಿದಳು. ರೊಟ್ಟಿಯ ತಟ್ಟೆ ಸವೇತಾಳ ಮುಂದೆ ನಿಲ್ಲದೆ ಮುಂದಕ್ಕೆ ಹೋಯಿತು.

ಒಂದು ವರ್ಷ ಹಾಗೆಯೇ ನಡೆಯಿತು. ಅವಳು ಬಂದು ಹಿಂದಿನ ಬೆಂಚಿನಲ್ಲಿ ಕೂತು ಹೋಗುತ್ತಿದ್ದಳು. ಕಾರಣ ಹೇಳದೆ ನಿಲ್ಲಿಸಿದ್ದ ರೊಟ್ಟಿಯನ್ನು ಕಾರಣ ಹೇಳದೆ ಮತ್ತೆ ಕೊಟ್ಟರು. ಸರ್ಕಾರ ಬಿತ್ತು, ಗವ್ರಿಲ ಸತ್ತ. ಸುದ್ದಿ ಒಯ್ದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಿಲ್ಲದ್ದರಿಂದ ಸಂಶಯ ಸವೇತಾಳ ಮೇಲೆಯೇ ಉಳಿಯಿತು. ಅವಳು ಮತ್ತೆಂದೂ ಯಾರ ಮನೆಗೂ ತಪ್ಪು ಕೇಳಲು ಹೋಗಲಿಲ್ಲ.

ಹನ್ನೊಂದು ವರ್ಷದ ಮೇಲೆ, ಈ ಸೋಮವಾರ, ರೆವೇಕಾ ಆಸ್ಪತ್ರೆಗೆ ಹೋದಳು. ಸಮಾಧಾನ, ಎಂದು ಸಭೆಯವರ ರೀತಿಯಲ್ಲಿ ವಂದಿಸಿ, ಮಂಚದ ಕಾಲುದೆಸೆಯಲ್ಲಿ ನಿಂತೇ ಕೇಳಿದಳು.

"ಸವೇತಕ್ಕಾ, ನನ್ನ ಹಿತ್ತಲು ಅಗೆದಿದ್ದು ನೀನೇ ಅಲ್ವಾ?"

"ನಾನೇ."

"ಯಾಕೆ?"

"ಆ ಬುಧವಾರ ಕಾರ್ಖಾನೆಯಲ್ಲಿ ಮಾತು ಕಿವಿಗೆ ಬಿತ್ತು. ನಿಮ್ಮ ಬೀದಿ ಶೋಧಿಸ್ತಾರಂತೆ ಅಂತ. ಮಾರನೇ ದಿನ ನೀನು ಹೊಲದಲ್ಲಿದ್ದೆ. ಪುಸ್ತಕ ತೆಗೆದು ನಮ್ಮ ಬಾವಿಗೆ ಹಾಕೋಣ ಅಂತ ಬಂದೆ." ಸವೇತಾ ಉಸಿರು ತೆಗೆದುಕೊಂಡಳು. "ಅಲ್ಲಿ ಜೇನು ಬಿಟ್ರೆ ಏನೂ ಇರ್ಲಿಲ್ಲ."

ನಿಜವೇ? ಶೋಧಕ್ಕೆ ಯಾರೂ ಬಂದಿರಲಿಲ್ಲವಲ್ಲ. ರೆವೇಕಾ ಅವಳ ಮುಖವನ್ನು ಹಳೆಯ ಅಭ್ಯಾಸದಂತೆಯೇ ಹುಡುಕಿ ನೋಡಿದಳು. ಸುಳ್ಳಿನ ಗುರುತು ಕಾಣಲಿಲ್ಲ, ನಿಜಕ್ಕೂ ಸಾಕ್ಷಿಯಿರಲಿಲ್ಲ. ನಂಬುವುದಾದರೆ ಬರಿಗೈಯಲ್ಲೇ ನಂಬಬೇಕಿತ್ತು. ನಂಬಿದಳು. ನಂಬಿದ ಕೂಡಲೇ ಸಿಟ್ಟು ಬಂತು.

"ನಾನು ಸುಳ್ಳು ಹೇಳಿ ನಿನಗೆ ಬಲೆ ಒಡ್ಡಿದೆ, ಅದು ನನ್ನ ಪಾಪ. ಆದ್ರೆ ನಿನ್ನದೂ ಒಂದಿದೆ, ಅಕ್ಕ. ಬಲೆ ಅಂತ ಆ ದಿನವೇ ನಿನಗೆ ಗೊತ್ತಾಯ್ತು. ಒಂದು ಮಾತು ಹೇಳ್ಲಿಲ್ಲ. ಕೇಳಿದ್ರೆ ಹೇಳೋಣ ಅಂತ ಹನ್ನೊಂದು ವರ್ಷ ಬಿಗಿದುಕೊಂಡು ಕೂತೆ. ಅದು ತಾಳ್ಮೆ ಅಲ್ಲ, ಜಂಬ."



"ಹೌದು," ಎಂದಳು ಸವೇತಾ. "ಅದು ಜಂಬವೇ."

ಆಮೇಲೆ ಮೊಣಕೈ ಊರಿ, ಕಷ್ಟಪಟ್ಟು, ಗೋಡೆಯ ಕಡೆಗೆ ಸರಿದು, ರೆವೇಕಾ ಕೂರಲೆಂದು ಮಂಚದಲ್ಲಿ ಜಾಗ ಮಾಡಿದಳು.