ಅಕ್ಕಾರು ಓದದೆ ಬಿಟ್ಟ ನಾಲ್ಕು ಸಾಲು

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅಪ್ಪನ ಕಡೆ, ಅವ್ವನ ಕಡೆ, ಎರಡೂ ಕಡೆ ಹುಡುಕಿದರೂ ನನಗಿಂತ ಮೊದಲು ಹತ್ತನೇ ತರಗತಿ ದಾಟಿದವರು ಸಿಗುವುದಿಲ್ಲ. ಬಿ.ಎ. ಆದಮೇಲೆ ಕನ್ನಡ ಎಂ.ಎ. ಕೂಡ ಮಾಡಿದೆ. ಬೆಳಿಗ್ಗೆ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ಆಮೇಲೆ ತರಗತಿ, ಸಂಜೆ ಮತ್ತೆ ಜೆರಾಕ್ಸ್ ಅಂಗಡಿ. ಈಗ ಹರಿಹರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಇದನ್ನು ನಾನು ಹೇಳಿಕೊಳ್ಳುತ್ತೇನೆ. ಹೇಳಿಕೊಳ್ಳಬಾರದು ಅನ್ನುವವರ ಮನೆಯಲ್ಲಿ ಅಜ್ಜನ ಕಾಲದಿಂದಲೂ ಓದಿದವರಿರುತ್ತಾರೆ.

ಆದರೆ ವಿನೋಬನಗರದ ನಮ್ಮ ಓಣಿಯಲ್ಲಿ ಯಾರು ನನ್ನ ಓದಿನ ಮಾತೆತ್ತಿದರೂ ಕೊನೆಗೆ ಅದು ಒಂದೇ ಕಡೆ ಹೋಗಿ ನಿಲ್ಲುತ್ತದೆ. ಎಲ್ಲಾ ಅಕ್ಕಾರ ಪುಣ್ಯ ಬಿಡು, ಅನ್ನುತ್ತಾರೆ. ಅಕ್ಕಾರು ಅಂದರೆ ನಮ್ಮವ್ವ ಕೆಲಸ ಮಾಡುವ ರೊಟ್ಟಿ ಮನೆಯ ಒಡತಿ. ಕೆ.ಬಿ. ಬಡಾವಣೆಯಲ್ಲಿ ಅವರ ಮನೆಯ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಐದು ಜನ ಹೆಂಗಸರು ದಿನವೂ ಜೋಳದ ರೊಟ್ಟಿ ಮಾಡುತ್ತಾರೆ. ನಮ್ಮವ್ವ ಅಲ್ಲಿಗೆ ಸೇರಿದಾಗ ನಾನು ಅಂಗನವಾಡಿಯಲ್ಲಿದ್ದೆ.

ಅಕ್ಕಾರು ಕೆಟ್ಟವರಾಗಿದ್ದರೆ ನನಗೆ ಬಹಳ ಸುಲಭವಾಗುತ್ತಿತ್ತು. ಅವರು ಕೆಟ್ಟವರಲ್ಲ. ನನ್ನ ಶಾಲೆಯಲ್ಲಿ ಪೋಷಕರ ಸಭೆ ಇದ್ದರೆ ಅವ್ವ ಕೇಳುವ ಮೊದಲೇ ಹೋಗಿ ಬಾ ಅನ್ನುತ್ತಿದ್ದರು. ಪರೀಕ್ಷೆ ಮುಗಿದ ದಿನ ನನಗೆಂದು ಶೇಂಗಾ ಹೋಳಿಗೆ ಕಳಿಸುತ್ತಿದ್ದರು. ಅದನ್ನು ತಿನ್ನುತ್ತ ನಾನು ಸಿಟ್ಟು ಮಾಡಿಕೊಳ್ಳುತ್ತಿದ್ದೆ, ಸಿಟ್ಟು ಮಾಡಿಕೊಳ್ಳುತ್ತ ಇನ್ನೊಂದು ತಿನ್ನುತ್ತಿದ್ದೆ. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ತ್ರಾಸಿನ ಕೆಲಸ. ಯಾರ ಮುಂದೆಯೂ ಬಾಯಿ ಬಿಡುವ ಹಾಗಿಲ್ಲ.

ಪಿಯುಸಿಗೆ ಸೇರುವಾಗ ಅರ್ಜಿಯಲ್ಲಿ ಪೋಷಕರ ಸಹಿ ಬೇಕಿತ್ತು. ಅವ್ವ ಹೆಬ್ಬೆಟ್ಟಿನವಳು. ಈ ಸಲ ಅವಳಿಗೆ ಸಹಿ ಕಲಿಸಿಯೇ ಬಿಡುತ್ತೇನೆ ಎಂದು ನಾನು ಒಂದು ಪಾಟಿ, ಒಂದು ಡಬ್ಬಿ ಬಳಪ ತಂದಿಟ್ಟಿದ್ದೆ. ಅರ್ಜಿ ಮುಂದಿಟ್ಟಾಗ ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ನಿಧಾನವಾಗಿ ತನ್ನ ಹೆಸರು ಬರೆದಳು. ಅಕ್ಷರ ದುಂಡಗಿದ್ದವು. ಯಾರು ಕಲಿಸಿದರು ಎಂದು ನಾನು ಕೇಳಲೇ ಇಲ್ಲ. ಅವಳೇ ನಗುತ್ತ ಹೇಳಿದಳು, ಅಕ್ಕಾರು ಹಿಟ್ಟಿನ ಪರಾತದಲ್ಲಿ ಬೆರಳಿಂದ ತಿದ್ದಿಸಿದರೆಂದು. ನನ್ನ ಪಾಟಿ ಪಕ್ಕದ ಮನೆಯ ಕೂಸಿಗೆ ಹೋಯಿತು.

ಆಗ ನಾನೊಂದು ನಿರ್ಧಾರ ಮಾಡಿಕೊಂಡೆ. ಸಹಿ ಹೋದರೆ ಹೋಗಲಿ, ಪುಸ್ತಕ ನನ್ನದು. ನಮ್ಮವ್ವನಿಗೆ ಜೀವನದಲ್ಲಿ ಮೊದಲ ಪುಸ್ತಕವನ್ನು ಓದಿ ಹೇಳುವವಳು ನಾನೇ ಆಗಬೇಕು. ಅದಕ್ಕೆ ಡಿಗ್ರಿ ಬೇಕು, ಅದು ಅಕ್ಕಾರ ಹತ್ತಿರ ಇಲ್ಲ. ಅವರು ಮದುವೆಯಾಗಿ ಶಾಲೆ ಬಿಟ್ಟವರು ಎಂದು ನನಗೆ ಗೊತ್ತಿತ್ತು.

ಹಾಗೆ ಅಂದುಕೊಂಡು ವರ್ಷಗಳೇ ಕಳೆದವು. ಓದು, ಕೆಲಸ, ಬಸ್ಸು, ಇದರಲ್ಲೇ ಹೊತ್ತು ಹೋಯಿತು. ಎರಡು ವರ್ಷದ ಕೆಳಗೆ ಕಾಲೇಜಿನಲ್ಲಿ ನನಗೆ ಒಂದು ಹಳೆಯ ಕಾದಂಬರಿ ಪಾಠ ಮಾಡಲು ಕೊಟ್ಟರು. ಊರು ಬಿಟ್ಟು ಪೇಟೆಗೆ ಬಂದ ಬಡ ತರುಣನೊಬ್ಬ ಓದಿ ವಕೀಲನಾಗುವ ಕತೆ. ಅದರಲ್ಲಿ ಒಬ್ಬ ಒಳ್ಳೆಯ ಧಣಿ ಬರುತ್ತಾನೆ. ಅಕ್ಕಿ ಗಿರಣಿಯ ಯಜಮಾನ. ತರುಣನಿಗೆ ಲೆಕ್ಕ ಬರೆಯುವ ಕೆಲಸ ಕೊಡುತ್ತಾನೆ, ಹಳೆಯ ಕೋಟು ಕೊಡುತ್ತಾನೆ, ಹಬ್ಬದ ದಿನ ಮನೆಗೆ ಕರೆದು ಊಟ ಹಾಕುತ್ತಾನೆ. ಒಟ್ಟು ಹನ್ನೊಂದು ಪುಟ. ಆಮೇಲೆ ಅವನ ಸುದ್ದಿಯೇ ಇಲ್ಲ. ನಾಯಕ ವಕೀಲನಾದ ಮೇಲೂ ಅವನ ಹೆಸರೆತ್ತುವುದಿಲ್ಲ. ನನಗೆ ಕಾದಂಬರಿಯಲ್ಲಿ ಬಹಳ ಹಿಡಿಸಿದ್ದು ಅದೇ. ತರಗತಿಯಲ್ಲಿ ಒತ್ತಿ ಹೇಳಿದೆ: ಇವನು ಗೌಣ ಪಾತ್ರ, ಎರಡು ಅಂಕಕ್ಕೆ ಬರಬಹುದು, ಅದಕ್ಕಿಂತ ಹೆಚ್ಚು ಬರೆಯಬೇಡಿ. ಒಬ್ಬ ಹುಡುಗಿ, ಆಮೇಲೆ ಆ ಧಣಿ ಏನಾದ ಮೇಡಂ ಎಂದು ಕೇಳಿದಳು. ಏನೂ ಆಗುವುದಿಲ್ಲ, ಕತೆ ಅವನದಲ್ಲ ಎಂದೆ.

ಆ ವಾರವೇ ಪುಸ್ತಕವನ್ನು ಮನೆಗೆ ತಂದೆ. ಸಂಜೆ ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ಒಂದು ಕತೆ ಓದಿ ಹೇಳುತ್ತೇನೆ ಕೇಳು ಎಂದು ಶುರು ಮಾಡಿದೆ. ಎರಡು ಪುಟ ಆಗಿತ್ತೋ ಇಲ್ಲವೋ.

"ಇದು ಅಕ್ಕಿ ಗಿರಣ್ಯಾಗೆ ಲೆಕ್ಕ ಬರಿತಾನಲ್ಲ, ಆ ಹುಡುಗನ ಕತೆ ಅಲ್ಲೇನು?" ಎಂದಳು.

ನಿನಗೆ ಹೇಗೆ ಗೊತ್ತು ಎಂದೆ. ಅವಳು ಸೊಪ್ಪಿನಿಂದ ತಲೆ ಎತ್ತದೆ ಎಲ್ಲವನ್ನೂ ಹೇಳಿದಳು. ರೊಟ್ಟಿ ಮನೆಯಲ್ಲಿ ಬೆಳಗಿನಿಂದ ಊಟದವರೆಗೆ ತಟ್ಟುವ ಕೆಲಸ. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಊಟವಾದ ಮೇಲೆ ಆ ರೊಟ್ಟಿಗಳನ್ನು ಮತ್ತೆ ಸಣ್ಣ ಉರಿಯ ಹಂಚಿಗೆ ಹಾಕಿ, ಮಡಚಿದ ಬಟ್ಟೆಯಿಂದ ಒತ್ತಿ ಒತ್ತಿ ಖಡಕ್ ಮಾಡುವ ಕೆಲಸ. ಅದಕ್ಕೆ ಸದ್ದಿಲ್ಲ. ಆ ಹೊತ್ತಿನಲ್ಲಿ ಅಕ್ಕಾರು ಕುರ್ಚಿ ಹಾಕಿಕೊಂಡು ಕಾದಂಬರಿ ಓದುತ್ತಾರೆ. ಲೈಬ್ರರಿಯಿಂದ ತಂದ ಹಳೆಯ ಕಾದಂಬರಿಗಳು, ಒಂದಾದ ಮೇಲೆ ಒಂದು, ಹದಿನೈದು ವರ್ಷದಿಂದ. ನಾನು ಎಂ.ಎ.ಯಲ್ಲಿ ಓದಿದ್ದರಲ್ಲಿ ಅರ್ಧಕ್ಕರ್ಧ ನಮ್ಮವ್ವ ನನಗಿಂತ ಮೊದಲೇ ಕೇಳಿ ಮುಗಿಸಿದ್ದಳು. ನನಗೆ ಯಾಕೆ ಹೇಳಲಿಲ್ಲ ಎಂದರೆ, ನೀನು ಓದೋದು ದೊಡ್ಡ ದೊಡ್ಡವು ಅಂದುಕೊಂಡಿದ್ದೆ, ಎಂದಳು.

ಪುಸ್ತಕ ಮುಚ್ಚುವ ಬದಲು ಪರೀಕ್ಷೆ ಮಾಡುವವಳ ಹಾಗೆ ಕೇಳತೊಡಗಿದೆ. ಧಣಿ ಏನು ಕೊಟ್ಟ? ಕೋಟು. ಹಬ್ಬದ ದಿನ? ಮನೆಗೆ ಕರೆದು ಉಣ್ಣಲು ಇಟ್ಟ. ಉಂಡ ಮೇಲೆ?

"ಉಂಡ ಮೇಲೆ ಏನು, ಎದ್ದು ಹೋದ," ಎಂದಳು.

ಅಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಪುಸ್ತಕದಲ್ಲಿ ಹಾಗಿಲ್ಲ. ಪುಸ್ತಕದಲ್ಲಿ ಆ ತರುಣನಿಗೆ ಊಟ ಬಡಿಸುವುದು ಹಿತ್ತಲ ಜಗಲಿಯಲ್ಲಿ. ಉಂಡ ಮೇಲೆ ಅವನು ತನ್ನ ತಟ್ಟೆಯನ್ನು ತಾನೇ ತೊಳೆದು, ಬೇರೆ ಪಾತ್ರೆಗಳಿಗೆ ತಾಗದ ಹಾಗೆ ಕಿಟಕಿಯ ಹೊರಗೆ ಒರಗಿಸಿಟ್ಟು ಹೋಗುತ್ತಾನೆ. ಧಣಿ ಅದನ್ನು ನೋಡುತ್ತಾನೆ, ಏನೂ ಅನ್ನುವುದಿಲ್ಲ. ನಾಲ್ಕು ಸಾಲು, ಅಷ್ಟೆ. ಅಕ್ಕಾರು ಆ ನಾಲ್ಕು ಸಾಲನ್ನು ಬಿಟ್ಟು ಓದಿದ್ದರು. ಒಳ್ಳೆಯ ಧಣಿಯ ಒಳ್ಳೆಯತನಕ್ಕೆ ಕಲೆ ಹತ್ತಬಾರದೆಂದು ಇನ್ನೊಬ್ಬ ಒಳ್ಳೆಯ ಧಣಿ ಮಾಡಿದ ಕೆಲಸ ಎಂದುಕೊಂಡೆ. ಅವ್ವನಿಗೆ ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಅಕ್ಕಾರ ಮುಂದೆ, ಎಲ್ಲರ ಮುಂದೆ, ನನ್ನ ಬಾಯಿಂದ ಅದು ಬರಬೇಕಿತ್ತು. ಆಮೇಲೆ ಅವ್ವ ಯಾರ ಓದನ್ನು ನಂಬುತ್ತಾಳೆ ನೋಡೋಣ ಎಂದುಕೊಂಡೆ.

ಭಾನುವಾರ ಪುಸ್ತಕ ಹಿಡಿದು ರೊಟ್ಟಿ ಮನೆಗೆ ಹೋದೆ. ಅಲ್ಲಿ ಭಾನುವಾರವೂ ಕೆಲಸವಿರುತ್ತದೆ, ಅಂದು ಮದುವೆಯ ಆರ್ಡರ್ ಬೇರೆ ಇತ್ತು. ಅಕ್ಕಾರು ತಮ್ಮ ಕುರ್ಚಿಯನ್ನು ಸೆರಗಿನಿಂದ ಒರೆಸಿ ನನ್ನನ್ನು ಕೂರಿಸಿದರು. "ಕುಂದ್ರು ತಾಯಿ. ಇವತ್ತು ನನಗೆ ರಜ," ಎಂದು ತಾವು ಹಿಟ್ಟಿನ ಚೀಲದ ಮೇಲೆ ಕುಳಿತರು. ಹಂಚಿನ ಮುಂದಿದ್ದ ಹಿರಿಯ ಹೆಂಗಸೊಬ್ಬಳು, ಕಾಲೇಜಿನ ಮೇಡಂ ಬಂದಾರೆ, ನಮಗೂ ಪಾಸು ಫೇಲು ಮಾಡ್ತಾರೇನೋ ಎಂದಳು. ಎಲ್ಲರೂ ನಕ್ಕರು. ಅವ್ವ ಮಾತ್ರ ನಗಲಿಲ್ಲ. ಮಗಳು ಮೊದಲ ಸಲ ಎಲ್ಲರ ಮುಂದೆ ಓದುತ್ತಾಳೆಂದು ಸೆರಗು ಸರಿಮಾಡಿಕೊಂಡು ಕುಳಿತಿದ್ದಳು.

ನಾನು ಗಿರಣಿ ಧಣಿಯ ಅಧ್ಯಾಯವನ್ನೇ ತೆಗೆದೆ. ಕೇಳಿದ ಕತೆಯೇ ಆದರೂ ಯಾರೂ ಬೇಡ ಅನ್ನಲಿಲ್ಲ. ಹಬ್ಬದ ಊಟ ಬಂತು. ಜಗಲಿ ಬಂತು. ತಟ್ಟೆ ತೊಳೆದು ಕಿಟಕಿಯ ಹೊರಗೆ ಇಟ್ಟದ್ದನ್ನು ಒಂದೊಂದು ಅಕ್ಷರ ಬಿಡಿಸಿ ಓದಿದೆ. ಓದಿ ತಲೆ ಎತ್ತಿ ಅಕ್ಕಾರನ್ನು ನೋಡಿದೆ.

ಒತ್ತುವ ಕೈಗಳು ನಿಂತಿದ್ದವು. ಅಕ್ಕಾರ ಮುಖ ಕೆಂಪಾಗಿತ್ತು. "ಅದನ್ನ ನಾನು ಬಿಟ್ಟು ಓದಿದ್ದೆ," ಎಂದರು. "ಇವರ ಮುಂದೆ ನನ್ನ ಬಾಯಿಲೆ ಅದನ್ನ ಓದಾಕೆ ಆಗಲಿಲ್ಲ. ತಪ್ಪಾತು."

ನಾನು ಗೆದ್ದಿದ್ದೆ. ಆ ಗೆಲುವು ನನ್ನ ಹತ್ತಿರ ಎಷ್ಟು ಹೊತ್ತು ಇತ್ತೆಂದರೆ, ಅವ್ವ ಬಟ್ಟೆಯ ಮಡಿಕೆ ಬದಲಿಸಿ ಮಾತಾಡುವವರೆಗೆ.

"ನಮಗೆ ಗೊತ್ತಿತ್ತು ಬಿಡ್ರಿ ಅಕ್ಕಾರೆ," ಎಂದಳು. "ಹುಡುಗ ಉಂಡ, ಎದ್ದು ಹೋದ, ಆ ತಟ್ಟೆ ಯಾರು ತೊಳದ್ರು ಅನ್ನೋದು ಬರಲೇ ಇಲ್ಲ. ತಟ್ಟೆ ತೊಳಿಯೋರಿಗೆ ಅದು ಗೊತ್ತಾಗಲ್ಲೇನು? ಅವತ್ತೇ ನಾವು ಐದೂ ಮಂದಿ ಮುಖ ಮುಖ ನೋಡ್ಕಂಡ್ವಿ."

ಹಿರಿಯ ಹೆಂಗಸು ಹೌದೆಂದು ತಲೆಯಾಡಿಸಿದಳು. ಅಕ್ಕಾರು ಏನೋ ಹೇಳಲು ಹೋದರು. ಅವ್ವ ಬಿಡಲಿಲ್ಲ.

"ನಿಮ್ಮತ್ತಿ ಕಾಲದಾಗೆ ನನ್ನ ತಟ್ಟೆ ಎಲ್ಲಿತ್ತು? ಹಿತ್ತಲ ಕಿಟಕಿ ಹೊರಗೆ. ಅದನ್ನ ಒಳಗೆ ತಂದೋರು ಯಾರು? ನೀವು ಆ ಸಾಲು ಯಾಕ ಓದಲಿಲ್ಲ ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ."

"ಆಗಿದ್ದು ಆತು. ಈಗ ಯಾಕ," ಎಂದರು ಅಕ್ಕಾರು, ನೆಲ ನೋಡುತ್ತ.

ನಮ್ಮವ್ವನ ತಟ್ಟೆ ಒಂದು ಕಾಲದಲ್ಲಿ ಕಿಟಕಿಯ ಹೊರಗೆ ಇತ್ತೆಂಬುದು ನನಗೆ ಗೊತ್ತೇ ಇರಲಿಲ್ಲ. ಆ ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಾನು ಗೌಣ ಪಾತ್ರದ ಮೇಲೆ ಟಿಪ್ಪಣಿ ಬರೆಸುವವಳು, ಅವ್ವನ ಅನ್ನ ತಿಂದು ಅವಳ ಮಡಿಲಲ್ಲಿ ಮಲಗಿದವಳು, ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷದ ನನ್ನ ಹೊಟ್ಟೆಕಿಚ್ಚು ಅಂದು ಕಡಿಮೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೆಚ್ಚಾಯಿತು. ಮೊದಲು ಹೋಳಿಗೆಗೆ, ಸಹಿಗೆ, ಓದಿಗೆ ಇತ್ತು. ಈಗ ಅವರಿಬ್ಬರ ನಡುವೆ ಹೇಳದೆಯೇ ತಿಳಿಯುವಂಥದ್ದೊಂದು ಇತ್ತಲ್ಲ, ಅದಕ್ಕೆ.

"ಮುಂದಕ್ಕೆ ಓದು," ಎಂದಳು ಅವ್ವ, ನನ್ನ ಕಡೆ ತಿರುಗಿ. ಗದರಲಿಲ್ಲ. ಓದಿದೆ.

ಸಂಜೆ ಆಟೊ ಬೇಡವೆಂದು ಇಬ್ಬರೂ ನಡೆದೇ ಬಂದೆವು. ಚೆಂದ ಓದುತ್ತೀ ಎಂದಳು ಅವ್ವ. ಆದರೆ ಬಿರ್ರನೆ ಓದುತ್ತೀ, ರೊಟ್ಟಿ ಮಗುಚುವ ಹೊತ್ತಿಗೆ ಅಕ್ಕಾರು ತಾವೇ ಒಂದು ಗಳಿಗೆ ನಿಲ್ಲುತ್ತಾರೆ, ನೀನು ನಿಲ್ಲುವುದಿಲ್ಲ, ನಾಲ್ಕು ರೊಟ್ಟಿ ಸೀದವು ಎಂದಳು. ಮುಂದಿನ ಭಾನುವಾರ ನಿಲ್ಲುತ್ತೇನೆ ಎಂದೆ. ಹಾಗಾದರೆ ಭಾನುವಾರ ನಿನ್ನದು, ಉಳಿದ ದಿನ ಅಕ್ಕಾರದು ಎಂದು ಅವಳೇ ಹಂಚಿ ಕೊಟ್ಟಳು. ವಾರಕ್ಕೆ ಒಂದು ದಿನ ನನಗೆ.

ತಟ್ಟೆಯ ವಿಷಯ ಕೇಳಿದೆ. ನನಗೆ ಯಾಕೆ ಹೇಳಲಿಲ್ಲ ಎಂದರೆ, ನೀನು ಸಣ್ಣಾಕಿ ಇದ್ದಿ ಎಂದಳು. ಆಮೇಲೆ? ಆಮೇಲೆ ನೀನು ಓದಾಕೆ ಹತ್ತಿದ್ದಿ. ಅಕ್ಕಾರಿಗೂ ಅವರ ಅತ್ತೆಗೂ ಅದಕ್ಕಾಗಿ ದೊಡ್ಡ ಜಗಳವೇ ಆಯಿತಂತೆ, ಅಷ್ಟು ಮಾತ್ರ ಹೇಳಿದಳು. ಈಗಲಾದರೂ ಪೂರಾ ಹೇಳು ಎಂದೆ.

"ಅಕ್ಕಾರನ್ನ ಕೇಳು," ಎಂದಳು. "ಅವರು ಚೆಂದಾಗಿ ಹೇಳ್ತಾರೆ."

ಕೇಳಿಲ್ಲ. ಎರಡು ವರ್ಷದಿಂದ ಭಾನುವಾರಗಳಂದು ಹೋಗಿ ಓದುತ್ತಿದ್ದೇನೆ, ಮಗುಚುವ ಹೊತ್ತಿಗೆ ನಿಲ್ಲುವುದನ್ನೂ ಕಲಿತಿದ್ದೇನೆ. ಹೋದ ವಾರ ಅಕ್ಕಾರೇ ನನ್ನ ಪಕ್ಕ ಬಂದು ಕುಳಿತು, ನಿಮ್ಮವ್ವಂದು ಒಂದು ಹಳೇ ಕತೆ ಐತೆ, ಹೇಳ್ಲೇನು ಎಂದರು. ಅವ್ವ ಹಂಚಿನ ಮುಂದೆ ಕುಳಿತು ನಗುತ್ತಿದ್ದಳು, ಹೇಳಲಿ ಅನ್ನುವ ಹಾಗೆ.

ಅದನ್ನು ನಾನು ಅವ್ವನ ಬಾಯಿಂದಲೇ ಕೇಳಬೇಕು. ಅವಳಿಗೆ ಚೆಂದಾಗಿ ಹೇಳಲು ಬರದಿದ್ದರೂ ಸರಿ, ನಾಲ್ಕೇ ಸಾಲಿನಲ್ಲಿ ಮುಗಿಸಿದರೂ ಸರಿ.

"ಬ್ಯಾಡ್ರಿ ಅಕ್ಕಾರೆ," ಎಂದು ಪುಸ್ತಕ ತೆರೆದೆ.