ಮಸಿ ಮೆತ್ತದ ಮಣಿಕಟ್ಟು

ಅಮೆರಿಕದ ಮೂಕಿ ಚಿತ್ರದಲ್ಲಿ ಬಿಳಿ ದೊರೆಯ ಗುಂಡು ತಗುಲಿ, ತಲೆಗೆ ಗರಿ ಸಿಕ್ಕಿಸಿಕೊಂಡ ಕಾಡಿನವನು ಕುದುರೆಯಿಂದ ಬಿದ್ದ. ಅವನ ಅಂಗಿಯ ತೋಳು ಸರಿದು ಬೆಳ್ಳನೆಯ ಮಣಿಕಟ್ಟು ಕಂಡಿತು. ಚಳ್ಳಕೆರೆಯ ಟೆಂಟಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಬಯಲಾಟದವರಿಗೆ ಬಣ್ಣ ಹಚ್ಚುವ ನನಗೆ ಗುಟ್ಟು ತಿಳಿಯಿತು.

“ಅವನೂ ಬಿಳಿಯನೇ ಕಣೋ, ಮುಖಕ್ಕೆ ಮಸಿ ಬಳ್ಕಂಡಾನೆ. ಕಾಡಿನವರು ಒಬ್ಬರೂ ಸಿಗಲಿಲ್ವೇನೋ,” ಎಂದು ನಕ್ಕೆ.

ಪಕ್ಕದಲ್ಲಿದ್ದ ಗೆಳೆಯ ಓಬಯ್ಯ ನಗಲಿಲ್ಲ. ಅವನು ದೊಡ್ಡಉಳ್ಳಾರ್ತಿ ಕಾವಲಿನಲ್ಲಿ ದನ ಕಾಯುವ ಬೇಡರವನು. “ಲೇ, ನಮ್ಮೂರ ಆಟದಾಗೆ ಬೇಡನ ವೇಷಕ್ಕೆ ಮಸಿ ಬಳಿಯೋನು ನೀನೇ ಅಲ್ವೇನು? ನಮ್ಮೋರನ್ನ ಒಂದಿನನಾದ್ರೂ ವೇಷಕ್ಕೆ ಕರೆದೀಯಾ?”

ಮರುವಾರವೇ ಆಟವಿತ್ತು. ಬೇಡನ ಪಾತ್ರದವನು ಮುಖ ಒಡ್ಡಿ ಕೂತ. ಮಸಿಗೆ ಬೆರಳು ಅದ್ದಿದೆ, ಒರೆಸಿಕೊಂಡೆ, ಮತ್ತೆ ಅದ್ದಿದೆ. ಹೊರಗೆ ಮುಂದಿನ ಸಾಲಿನಲ್ಲಿ ಓಬಯ್ಯ ಕೂತಿದ್ದ.