ಅತ್ತೆ ಗುಡಿಸಿದ ಲಾಯ

ಚಿಕ್ಕಜಾಲದ ನಮ್ಮ ಮನೆಯ ಹಿಂದೆ ಈಗ ಎರಡು ಕಾರು ನಿಲ್ಲುವ ಜಾಗದಲ್ಲಿ ಮೊದಲು ಕೊಟ್ಟಿಗೆ ಇತ್ತು. ನಾನು ಮದುವೆಯಾಗಿ ಬಂದಾಗ ಅಲ್ಲಿ ಆರು ಹಸುಗಳಿದ್ದವು. ಸುತ್ತಲಿನ ಹೊಲಗಳೆಲ್ಲ ಸೈಟುಗಳಾಗಿ, ಮೇಯುವುದಕ್ಕೆ ಜಾಗವೇ ಇಲ್ಲದಂತಾದಾಗ ಅವು ಒಂದೊಂದಾಗಿ ಹೋದವು. ಕೊನೆಯ ಹಸುವನ್ನು ಕೊಟ್ಟು ಕಳಿಸಿದ ಮೇಲೂ ನಮ್ಮತ್ತೆ ಬೆಳಗ್ಗೆ ಐದಕ್ಕೇ ಎದ್ದು ಖಾಲಿ ಕೊಟ್ಟಿಗೆಯನ್ನು ಗುಡಿಸುತ್ತಿದ್ದರು. ‘ಕಸವೇ ಇಲ್ವಲ್ಲ ಅತ್ತೆ’ ಎಂದರೆ, ‘ಧೂಳ್ ಬೀಳಲ್ವಾ?’ ಎನ್ನುತ್ತಿದ್ದರು. ಈಗ ಅತ್ತೆ ಇಲ್ಲ. ಕಾರು ತೆಗೆದಾಗಲೆಲ್ಲ ಟೈರಿನ ಕೆಳಗೆ ಆ ಹಳೆಯ ಚಪ್ಪಡಿ ಕಲ್ಲು ಕಾಣುತ್ತದೆ.

ಆ ಕೊಟ್ಟಿಗೆಗೆ ಕುದುರೆ ಬಂದದ್ದು ನನ್ನ ಹಟದಿಂದ. ನಾನು ಆರ್.ಟಿ. ನಗರದಲ್ಲಿ ಬೆಳೆದವಳು. ಕಾಲೇಜಿನಲ್ಲಿದ್ದಾಗ ಹೆಬ್ಬಾಳದಲ್ಲಿ ಎರಡು ವರ್ಷ ಕುದುರೆ ಸವಾರಿ ಕಲಿತಿದ್ದೆ. ಮದುವೆಯ ಮಾತುಕತೆಯಲ್ಲಿ ಅಮ್ಮ ಈ ವಿಷಯವನ್ನು ಜಾಣತನದಿಂದ ನುಂಗಿಕೊಂಡಿದ್ದರು. ನಿಜ ಹೇಳಬೇಕೆಂದರೆ ಅಲ್ಲಿ ನಾನು ಸವಾರಿಗಿಂತ ಹೆಚ್ಚು ಕಲಿತದ್ದು ಲದ್ದಿ ಎತ್ತುವುದನ್ನು. ನಮಗೆ ಕಲಿಸುತ್ತಿದ್ದ ಸೇನೆಯ ಹವಾಲ್ದಾರರು ಲಾಯದ ಹುಲ್ಲು ಹಾಸಿನ ಮೇಲೆ, ಹುಲ್ಲು ಎತ್ತುವ ಕಬ್ಬಿಣದ ಕವೆಗೋಲನ್ನು ನೆಟ್ಟಗೆ ಬಿಡುತ್ತಿದ್ದರು. ಮೊನೆ ನೆಲಕ್ಕೆ ತಾಗಿ ಟಣ್ ಎಂದರೆ ಇನ್ನೂ ಹುಲ್ಲು ಹಾಕಬೇಕು. ಒದ್ದೆ ಹುಲ್ಲು ಹೊರಗೆ, ಒಣಗಿದ್ದು ಗೋಡೆಯ ಬುಡಕ್ಕೆ, ನೆಲ ಆರಿದ ಮೇಲೆ ಮತ್ತೆ ಹರವಬೇಕು. ಗೋಡೆಯ ಸುತ್ತ ಬದುವಿನ ಹಾಗೆ ಏರಿಸಿ ಕಟ್ಟಬೇಕು, ಮಲಗಿ ಹೊರಳಿದ ಕುದುರೆ ಗೋಡೆಗೆ ಸಿಕ್ಕಿಕೊಳ್ಳಬಾರದು ಅಂತ. ಇದಿಷ್ಟು ಗೊತ್ತಿದ್ದದ್ದರಿಂದ ಕುದುರೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಚಿಕ್ಕಜಾಲದಲ್ಲಿ ಇಲ್ಲ ಎಂಬ ಜಂಬ ನನಗೆ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಮ್ಮ ಊರಿನಾಚೆ ಇದ್ದ ಒಂದು ಸವಾರಿ ಶಾಲೆ ಮುಚ್ಚಿದಾಗ ಅಲ್ಲಿಯ ಕಂದು ಬಣ್ಣದ ಹೆಣ್ಣು ಕುದುರೆಯೊಂದು ಉಳಿದುಬಿಟ್ಟಿತು. ಉಳಿದವನ್ನೆಲ್ಲ ಯಾರ್ಯಾರೋ ಕೊಂಡೊಯ್ದಿದ್ದರು. ನಾನು ನೋಡಲು ಹೋದವಳು ಅದನ್ನು ಹಿಡಿದುಕೊಂಡೇ ಬಂದೆ. ನಮ್ಮನೆಯವರು ಒಂದು ಷರತ್ತು ಹಾಕಿದರು. ‘ದೀಪಾವಳಿವರೆಗೆ ನೋಡೋಣ. ಒಗ್ಗಲಿಲ್ಲ ಅಂದ್ರೆ ಮದುವೆ ಮೆರವಣಿಗೆಯವರು ಕೇಳ್ತಿದ್ದಾರೆ, ಕೊಟ್ಬಿಡೋಣ. ಆಮೇಲೆ ಅಳೋ ಹಾಗಿಲ್ಲ.’ ಯಲಹಂಕದ ಕಡೆಯಿಂದ ವಿಮಾನವೊಂದು ತಗ್ಗಿ ಹಾರಿದರೆ ಸಾಕು, ಆ ಕುದುರೆಯ ಮೈ ಪೂರಾ ನಡುಗುತ್ತಿತ್ತು. ಅದನ್ನು ಬ್ಯಾಂಡಿನ ಮುಂದೆ, ಪಟಾಕಿಯ ನಡುವೆ ನಿಲ್ಲಿಸುತ್ತಾರೆ ಎಂದು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಒಗ್ಗುವ ಲಕ್ಷಣವೇ ಕಾಣಲಿಲ್ಲ. ಕೊಟ್ಟಿಗೆಯ ಒಂದು ಮೂಲೆಗೆ ಅಡ್ಡಗೋಡೆ, ಎದೆಯೆತ್ತರದ ಅರ್ಧಬಾಗಿಲು ಹಾಕಿಸಿ ಮಾಡಿದ ಗೂಡಿನಂಥ ಲಾಯದೊಳಗೆ ಅದು ಸುತ್ತುತ್ತಲೇ ಇರುತ್ತಿತ್ತು. ಬೆಳಗ್ಗೆ ಹೋಗಿ ನೋಡಿದರೆ ನಡುವೆ ಹುಲ್ಲೆಲ್ಲ ಗುಡ್ಡೆ, ಸುತ್ತ ಬರೀ ಕಲ್ಲು, ಲದ್ದಿ ಪುಡಿಪುಡಿಯಾಗಿ ಎಲ್ಲ ಕಡೆ ಕಲಸಿಹೋಗಿರುತ್ತಿತ್ತು. ಹೆಬ್ಬಾಳದ ಕಡೆಯಿಂದ ಬಂದ ಪಶುವೈದ್ಯರು ಕಾಲುಗಳನ್ನು ಸವರಿ ನೋಡಿ, ‘ಬಾವು ಬಂದಿದೆ. ಇದು ಮಲಗ್ತಾನೇ ಇಲ್ಲ. ಕುದುರೆ ನಿಂತೇ ತೂಕಡಿಸುತ್ತೆ, ನಿಜ. ಆದ್ರೆ ದಿನಕ್ಕೆ ಸ್ವಲ್ಪ ಹೊತ್ತಾದ್ರೂ ಮಲಗದೆ ಇದ್ರೆ ಒಂದಿನ ಮಂಡಿ ಕುಸಿದು ಬೀಳುತ್ತೆ’ ಎಂದರು. ಹುಲ್ಲು ದಪ್ಪಗೆ ಹಾಸಿ, ನೆಮ್ಮದಿಯಾಗಿಡಿ ಎಂದು ಹೇಳಿ ಹೋದರು.

ನಾನು ಇನ್ನಷ್ಟು ಹುಲ್ಲು ತರಿಸಿದೆ, ಒಳ್ಳೆಯ ಭತ್ತದ ಹುಲ್ಲು. ಬೆಳಗ್ಗೆ ಶಾಲೆಗೆ ಹೊರಡುವ ಮೊದಲು, ಯಲಹಂಕದಲ್ಲಿ ಪಾಠ ಮಾಡುವ ಟೀಚರ್ ಎಂಬುದನ್ನೂ ಮರೆತು, ಸೀರೆ ಎತ್ತಿ ಸಿಕ್ಕಿಸಿಕೊಂಡು ಮೊಣಕಾಲಿನವರೆಗೆ ಹಾಸಿದೆ. ಸಂಜೆ ಬಂದು ನೋಡಿದರೆ ಲಾಯ ಕನ್ನಡಿಯಂತೆ ಹೊಳೆಯುತ್ತಿದೆ. ಒಂದು ಕಡ್ಡಿ ಹುಲ್ಲಿಲ್ಲ. ಚಪ್ಪಡಿ ಕಲ್ಲನ್ನು ನೀರು ಹಾಕಿ ಉಜ್ಜಿ ತೊಳೆದಿದ್ದಾರೆ. ಮಂಗಳವಾರವಾದ್ದರಿಂದ ಬಾಗಿಲ ಮುಂದೆ ರಂಗೋಲಿ ಬೇರೆ. ಕುದುರೆ ಆ ಒದ್ದೆ ಕಲ್ಲಿನ ಮೇಲೆ ಜಾರುತ್ತ, ಬೆಚ್ಚುತ್ತ ಸುತ್ತುತ್ತಿತ್ತು.

‘ಹುಲ್ಲೆಲ್ಲಿ ಅತ್ತೆ?’

‘ಪಕ್ಕದ್ಮನೆ ಅಸುಗೆ ಆಕ್ದೆ ಕಣಮ್ಮ. ಚಿನ್ನದಂತ ನೆಲ್ಲುಲ್ಲು! ತಿನ್ನೋ ಉಲ್ಲನ್ನ ಯಾರಾದ್ರೂ ಕಾಲಲ್ಲಿ ತುಳಿಸ್ತಾರಾ? ಲಕ್ಷ್ಮಿ ಅದು. ಕುದ್ರೆಗೆ ಆಸಿಗೆ ಬೇರೆ ಕೇಡು!’

ವಿವರಿಸಿ ಹೇಳಿದೆ. ಹೂಂಗುಟ್ಟಿದರು. ಮರುದಿನವೂ ಅದೇ ಕತೆ. ಹಸು ಸಾಕಿದ ಮನೆಯಲ್ಲಿ ಐವತ್ತು ವರ್ಷ ಬಾಳಿದವರಿಗೆ ಗಂಜಲ ನಿಂತ ನೆಲ, ಸಗಣಿ ಬಿದ್ದ ಮೂಲೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಕೊಟ್ಟಿಗೆ ಕೊಳಕಾಗಿದ್ದರೆ ಅದು ಮನೆ ಹೆಂಗಸಿಗೆ ಅವಮಾನ. ಹುಲ್ಲು ಗೋದಲಿಯಲ್ಲಿ ಇರಬೇಕು, ನೆಲ ನೆಲವಾಗಿರಬೇಕು. ಇಷ್ಟು ಅರ್ಥ ಮಾಡಿಕೊಳ್ಳುವ ತಾಳ್ಮೆ ಆಗ ನನಗಿರಲಿಲ್ಲ. ನಾಲ್ಕನೆಯ ದಿನ ಕುದುರೆ ಜಾರಿ ಮಂಡಿ ತರಚಿಕೊಂಡದ್ದನ್ನು ಕಂಡು ಕೂಗಾಡಿಬಿಟ್ಟೆ. ‘ನಿಮ್ಮ ಕಾಲಿಗೆ ಬೀಳ್ತೀನಿ, ಒಳಗೆ ಹೋಗ್ಬೇಡಿ. ನಿಮಗೆ ಹಸು ಗೊತ್ತು, ಕುದುರೆ ಗೊತ್ತಿಲ್ಲ.’ ಅಷ್ಟಕ್ಕೇ ನಿಲ್ಲಿಸಲಿಲ್ಲ. ಲಾಯದ ಅರ್ಧಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಬ್ಯಾಗಿಗೆ ಹಾಕಿಕೊಂಡೆ.

ಅತ್ತೆ ಜಗಳ ಮಾಡುವವರಲ್ಲ. ಕಡ್ಡಿ ಪೊರಕೆಯನ್ನು ಗೋಡೆಗೆ ಒರಗಿಸಿ, ‘ನಿನ್ ಕುದ್ರೆ, ನಿನ್ನಿಷ್ಟ’ ಎಂದರು. ಆ ರಾತ್ರಿ ನನಗೇ ಮೊದಲು ಬಡಿಸಿದರು. ಅದು ಅವರು ಕೋಪ ತೋರಿಸುವ ರೀತಿ.

ಬೀಗ ಹಾಕಿದ ಮೇಲೆ ಹುಲ್ಲು ಹುಲ್ಲಾಗಿಯೇ ಉಳಿಯಿತು. ನನ್ನ ಹವಾಲ್ದಾರರು ಬಂದು ಕವೆಗೋಲು ಬಿಟ್ಟಿದ್ದರೂ ಸದ್ದು ಬರುತ್ತಿರಲಿಲ್ಲ. ಆದರೆ ಕುದುರೆ ಇನ್ನಷ್ಟು ಕೆಟ್ಟಿತು. ಮೊದಲು ಸುತ್ತುತ್ತಿತ್ತು, ಈಗ ಬಾಗಿಲು ಒದೆಯಲು ಶುರುಮಾಡಿತು. ಸಂಜೆ ನಾನು ಬರುವ ಹೊತ್ತಿಗೆ ಕುತ್ತಿಗೆಯೆಲ್ಲ ಬೆವರು, ಹಾಸೆಲ್ಲ ಅಸ್ತವ್ಯಸ್ತ. ಅಕ್ಕಪಕ್ಕದವರು ದೂರು ಹೇಳಿದರು. ಹುಲ್ಲು ಸಾಲದೇನೋ, ಹುಲ್ಲು ಒರಟೇನೋ ಎಂದು ಮರದ ಹೊಟ್ಟು ತರಿಸಿ ಬೆರೆಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಿತ್ತು ನನ್ನ ಕತೆ. ನಮ್ಮನೆಯವರು ಒಂದು ದಿನ ಮುಖ ನೋಡದೆ ಹೇಳಿದರು: ‘ದೀಪಾವಳಿ ಹತ್ರ ಬಂತು. ಭಾನುವಾರ ಮೆರವಣಿಗೆಯವನು ಬಂದು ನೋಡ್ತೀನಿ ಅಂದಿದ್ದಾನೆ. ನೋಡ್ಕೊಂಡ್ ಹೋಗ್ಲಿ ಬಿಡು.’ ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟೆ.

ಅದರ ಮರುದಿನ, ಗುರುವಾರ, ಪರೀಕ್ಷೆ ಇದ್ದದ್ದರಿಂದ ಶಾಲೆ ಬೇಗ ಬಿಟ್ಟಿತು. ಒಂದು ಗಂಟೆಗೆ ಮನೆಗೆ ಬಂದೆ. ಹಿತ್ತಲಲ್ಲಿ ಸದ್ದೇ ಇಲ್ಲ. ಕುದುರೆಗೆ ಏನಾಯಿತೋ ಎಂದು ಓಡಿದವಳು ಮೂಲೆಯಲ್ಲೇ ನಿಂತುಬಿಟ್ಟೆ. ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಅತ್ತೆ ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿ ದಂಟಿನ ಸೊಪ್ಪು. ಸೋಸುತ್ತ ಯಾರಿಗೋ ಏನೋ ಹೇಳುತ್ತಿದ್ದರು: ಹಳೆಯ ಹಸುಗಳ ಸುದ್ದಿ, ಯಾವುದು ಒದೆಯುತ್ತಿತ್ತು, ಯಾವುದು ಇವರು ಬಾರದೆ ಹಾಲು ಇಳಿಸುತ್ತಿರಲಿಲ್ಲ. ಬಾಗಿಲ ಮೇಲಿಂದ ಚಾಚಿದ ಕುದುರೆಯ ತಲೆ ಸರಿಯಾಗಿ ಅವರ ತಲೆಯ ಮೇಲಿತ್ತು. ಕಣ್ಣು ಅರ್ಧ ಮುಚ್ಚಿತ್ತು, ಕೆಳದುಟಿ ಜೋತುಬಿದ್ದಿತ್ತು. ಅವರ ಉಸಿರು, ಅದರ ಉಸಿರು ಬಿಟ್ಟರೆ ಬೇರೇನೂ ಅಲ್ಲಾಡುತ್ತಿರಲಿಲ್ಲ.

ಅತ್ತೆ ಸೊಪ್ಪು ಎತ್ತಿಕೊಂಡು ಒಳಗೆ ಹೋದರು. ಅವರ ಸೆರಗು ಮರೆಯಾದದ್ದೇ ತಡ, ಒಳಗೆ ಸುತ್ತಾಟ ಶುರು. ನಾನು ಹತ್ತಿರ ಹೋದೆ, ಹೆಸರು ಹಿಡಿದು ಕರೆದೆ, ಬೆಲ್ಲ ತೋರಿಸಿದೆ. ಅದು ನನ್ನನ್ನು ದಾಟಿ ಅಡಿಗೆಮನೆಯ ಬಾಗಿಲನ್ನೇ ನೋಡುತ್ತಿತ್ತು.

ಆಗ ಎಲ್ಲ ತಿಳಿಯಿತು. ಆ ನಾಲ್ಕು ದಿನ ಮಧ್ಯಾಹ್ನವೆಲ್ಲ ಅತ್ತೆ ಒಳಗಿದ್ದರು. ಗುಡಿಸುತ್ತಿದ್ದರು, ತೊಳೆಯುತ್ತಿದ್ದರು, ಮಾತಾಡುತ್ತಿದ್ದರು. ಹತ್ತಾರು ಕುದುರೆಗಳ ಜೊತೆ ಬೆಳೆದು ಒಂಟಿಯಾದ ಪ್ರಾಣಿಗೆ ಅದೊಂದೇ ಜೊತೆ. ಹಾಸನ್ನು ಕಾಪಾಡುವ ಭರದಲ್ಲಿ ನಾನು ಆ ಜೊತೆಗೇ ಬೀಗ ಹಾಕಿದ್ದೆ.

ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಂದ ಸುಲಭವಾಗಿ ಬರುವುದಿಲ್ಲ. ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದವರ ಪಕ್ಕದಲ್ಲಿ ಕೀಲಿ ಇಟ್ಟು, ‘ಅತ್ತೆ, ಲಾಯ ಸ್ವಲ್ಪ ಗುಡಿಸಿಕೊಡ್ತೀರಾ?’ ಎಂದೆ.

ಅವರು ನನ್ನ ಮುಖ ನೋಡಿದರು. ‘ಗುಡಿಸ್ಬಾರ್ದು ಅಂತಿದ್ದೆ?’

‘ಲದ್ದಿ ಮಾತ್ರ. ಹುಲ್ಲು ಬಿಟ್ಟು.’

‘ಉಲ್ಲು ಬಿಟ್ಟು ಗುಡಿಸೋದ್ ಎಂಗಮ್ಮ?’ ಎಂದು ಗೊಣಗುತ್ತಲೇ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅಂದೇ ಸಂಜೆ ಕವೆಗೋಲು ಹಿಡಿಯುವುದನ್ನು ತೋರಿಸಿಕೊಟ್ಟೆ. ಎರಡು ಸಲ ಹಿಡಿದು ನೋಡಿ ಪಕ್ಕಕ್ಕೆ ಎಸೆದು, ಬರಿಗೈಯಲ್ಲೇ ಒದ್ದೆ ಒಣ ಬೇರೆ ಮಾಡಿದರು. ನನಗಿಂತ ಚೆನ್ನಾಗಿಯೇ ಮಾಡಿದರು. ತುಳಿಯುವ ಮೊದಲು ಹುಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಶನಿವಾರ ಕುದುರೆ ಬಾಗಿಲು ಒದೆಯಲಿಲ್ಲ. ಮಲಗಲೂ ಇಲ್ಲ.

ಭಾನುವಾರ ಊಟದ ಹೊತ್ತು ಮೀರಿದ ಮೇಲೆ ಮೆರವಣಿಗೆಯವನು ಬಂದ. ಹೆಗಲ ಮೇಲೆ ಆಗಲೇ ಹಗ್ಗ ಇತ್ತು. ‘ಎಲ್ಲಿ ಮೇಡಂ ಕುದ್ರೆ?’ ಎಂದ. ನಾನು ಹಿತ್ತಲಿಗೆ ಕರೆದುಕೊಂಡು ಹೋದೆ. ಅರ್ಧಬಾಗಿಲ ಮೇಲೆ ಯಾವಾಗಲೂ ಕಾಣುವ ತಲೆ ಕಾಣಲಿಲ್ಲ. ಬಗ್ಗಿ ನೋಡಿದೆ.

ಕುದುರೆ ನಾಲ್ಕು ಕಾಲನ್ನೂ ಚಾಚಿ ಮಗ್ಗುಲಾಗಿ ಮಲಗಿತ್ತು. ಹೊಟ್ಟೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ತಲೆಯ ಹತ್ತಿರ ಗೋಡೆಗೊರಗಿ, ಹುಲ್ಲಿನ ಮೇಲೆಯೇ, ಅತ್ತೆ ಕೂತಿದ್ದರು. ಕೂದಲಲ್ಲಿ ಹುಲ್ಲು, ಸೀರೆಯ ಅಂಚಿಗೆ ಅಂಟಿಕೊಂಡ ಹಾಗೆ ಎರಡು ಗುಡ್ಡೆ ಹಸಿ ಲದ್ದಿ. ಅಭ್ಯಾಸಬಲದಿಂದ ನನ್ನ ಕೈ ಬುಟ್ಟಿಯ ಕಡೆಗೆ ಹೋಯಿತು.

ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

‘ಕಸ ಇರ್ಲಿ ಬಿಡು,’ ಎಂದರು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. ‘ಈಗ್ ತಾನೆ ಮಲ್ಕೊಂಡವ್ಳೆ. ಅವ್ನಿಗೊಂದ್ ಲೋಟ ಕಾಪಿ ಕೊಟ್ಟು ಕಳ್ಸು.’